ಹಡಗು ಹೊರಟ ಕೂಡಲೇ ಗುಡಿಸಬಾರದು

ಅಮೆರಿಕದ ಫ್ರೀಮಾಂಟಿನಲ್ಲಿ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಅವಳ ಸ್ಕೂಲಿನಲ್ಲೊಂದು ನಾಟಕವಾಯಿತು. ಇಂಗ್ಲೆಂಡಿನ ಒಂದು ಸಂಸಾರ ಊರು ಬಿಟ್ಟು, ಹಡಗು ಹತ್ತಿ, ಅಮೆರಿಕಕ್ಕೆ ಬಂದು ನೆಲೆಸುವ ಕಥೆ. ಹಡಗು ಮಾಡಿದ್ದು ನನ್ನ ಗಂಡನ ಹಳೇ ಆಫೀಸಿನ ಕಂಪ್ಯೂಟರ್ ಡಬ್ಬಗಳಿಂದ. ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ; ಖಾಲಿ ಡಬ್ಬಕ್ಕೇನೂ ಬರವಿರಲಿಲ್ಲ.

ಆಗ ಅಮ್ಮ ಹಾಸನದಿಂದ ಬಂದು ನಮ್ಮ ಜೊತೆಗಿದ್ದಳು. ಕೆಲಸ ಹೋದವರೆಲ್ಲ ಊರಿಗೆ ಗಂಟುಮೂಟೆ ಕಟ್ಟುವುದನ್ನು ನೋಡಿ ಅವಳಿಗೆ ಒಳಗೊಳಗೇ ಖುಷಿ. ನಾವೂ ಇನ್ನೇನು ಬಂದೇಬಿಡುತ್ತೇವೆಂದು, ಹಾಸನದ ಮನೆಯ ಮಹಡಿ ಮೇಲೆ ನಮಗಾಗಿ ಎರಡು ರೂಮು ಕಟ್ಟಿಸುವ ಯೋಚನೆಯಲ್ಲಿದ್ದಳು. ನಾವೋ, ಗಂಡನಿಗೆ ಬೇರೆ ಕೆಲಸ ಸಿಕ್ಕಿದ್ದೇ ತಡ, ಇಲ್ಲೇ ಉಳಿಯುವುದೆಂದು ತೀರ್ಮಾನಿಸಿ, ಒಂದು ಗಂಟೆ ದಾರಿಯ ಗಿಲ್‌ರಾಯ್‌ನಲ್ಲಿ ಮನೆ ಗೊತ್ತುಮಾಡಿದ್ದೆವು. ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಬಾಯಿ ಬಿಡಬೇಡವೆಂದು ಮಗಳಿಗೂ ತಾಕೀತು ಮಾಡಿದ್ದೆ.

ನಾಟಕದಲ್ಲಿ ಮಗಳದು ಊರಲ್ಲೇ ಉಳಿಯುವ ಅಜ್ಜಿಯ ಪಾತ್ರ. ಸಂಸಾರ ಹಡಗು ಹತ್ತಿತು. ಅಜ್ಜಿ ಕೈಬೀಸಿದಳು, ಈ ಕಡೆ ತಿರುಗಿ ಪೊರಕೆ ಎತ್ತಿಕೊಂಡು ಮನೆ ಗುಡಿಸತೊಡಗಿದಳು.

ಅಮ್ಮ ಎದ್ದು ನಿಂತೇಬಿಟ್ಟಳು. "ಪುಟ್ಟಿ, ಪೊರಕೆ ಕೆಳಗಿಡು. ಹೊರಟವ್ರ ಹಿಂದೇನೇ ಗುಡಿಸ್ತಾರೇನೇ?"

ಇಡೀ ಸಭಾಂಗಣ ನಮ್ಮ ಕಡೆ ತಿರುಗಿತು. ನಮ್ಮಲ್ಲಿ ಹಾಗೆ ಹಿಂದೆಯೇ ಗುಡಿಸುವುದು ಮನೆಯಿಂದ ಹೆಣ ಎತ್ತಿದಾಗ ಮಾತ್ರ. ಪ್ರಯಾಣ ಹೊರಟವರು ಊರು ಸೇರಿದ ಸುದ್ದಿ ಬರುವವರೆಗೂ ಅಮ್ಮ ಪೊರಕೆ ಮುಟ್ಟುವವಳಲ್ಲ. ನನಗೆ ನಾಚಿಕೆಯಾಗಿ ಅವಳ ಸೆರಗು ಜಗ್ಗಿದೆ, ಅವಳು ಕೂರಲಿಲ್ಲ.

ಟೀಚರು ಏನೆಂದು ಕೇಳಿದರು. ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು: ಹೋದವರು ತಿರುಗಿ ಬರಲಿ ಅನ್ನುವವರು ಕೂಡಲೇ ಗುಡಿಸುವುದಿಲ್ಲ.

"ಆದ್ರೆ ಇವರು ತಿರುಗಿ ಬರೋದೇ ಇಲ್ವಲ್ಲ," ಎಂದಳು ಕ್ಯಾಪ್ಟನ್ ವೇಷದ ಹುಡುಗಿ.

"ಅಜ್ಜಿಗೆ ಅದು ಗೊತ್ತಿಲ್ಲ," ಎಂದಳು ನನ್ನ ಮಗಳು. ಹೇಳಿ ನನ್ನ ಮುಖ ನೋಡಿದಳು. ಆಮೇಲೆ ಪೊರಕೆ ಕೆಳಗಿಟ್ಟಳು.

ಅಮ್ಮ ಸಮಾಧಾನವಾಗಿ ಕೂತು, "ಏನಂದ್ಳೇ?" ಎಂದು ಕೇಳಿದಳು. ಹೇಳಿದೆ.

"ಹೇಳ್ದೇನೇ ಹೊರಟ್‌ಬಿಟ್ರಾ? ಪಾಪ, ಆ ಮುದುಕಿ ಎಷ್ಟು ದಿನ ಅಂತ ಗುಡಿಸ್ದೆ ಕೂತಿರ್ಬೇಕು?"

ಅವಳ ಕೈ ಹಿಡಿದುಕೊಂಡೆ.

"ಅಮ್ಮ, ನಾವೂ ವಾಪಸ್ ಬರಲ್ಲ," ಎಂದೆ.

ನಾಟಕ ಮುಗಿಯುವವರೆಗೂ ಅಮ್ಮ ಕೈ ಬಿಡಿಸಿಕೊಳ್ಳಲಿಲ್ಲ.