ಖಾಲಿ ಡಬ್ಬದ ಖಾದರ್ ಸಾಬರು

ಏನೂ ಇಡದ ತಗಡಿನ ಡಬ್ಬದ ಮುಂದೆ ಮುಕ್ಕಾಲು ಗಂಟೆ ಅಲುಗಾಡದೆ ಕೂರಬಲ್ಲ ಮನುಷ್ಯರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ಕಂಡೆ. ಅವರು ಖಾದರ್ ಸಾಬರು. ಒಂದು ಕಣ್ಣು ಡಬ್ಬದ ಕಿಂಡಿಗೆ, ಇನ್ನೊಂದು ಕಣ್ಣು ಮುಚ್ಚಿ, ಕೈಯಲ್ಲಿ ಸ್ಟಾಪ್ ವಾಚು ಹಿಡಿದು ಕೂತರೆ ಮೂಗಿನ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗದವರು, ಸಾಬರು ಡಬ್ಬದೊಳಗೆ ಏನೋ ಸಾಕಿಕೊಂಡಿದ್ದಾರೆ ಎಂದೇ ನಂಬಿದ್ದರು.

ಯುದ್ಧ ಮುಗಿದ ಹೊಸತು. ಸುತ್ತಲಿನ ಕಲ್ಲುಗಳಲ್ಲಿ ರೇಡಿಯಂ ಜಾತಿಯ ಧಾತುವೇನಾದರೂ ಇದೆಯೇ ಎಂದು ಹುಡುಕುವ ಸಣ್ಣ ಕಚೇರಿಯೊಂದನ್ನು ಅಲ್ಲಿನ ಬಾಡಿಗೆ ಮನೆಯೊಂದರಲ್ಲಿ ತೆರೆದಿದ್ದರು. ನಾನು ಬಿ.ಎಸ್‌ಸಿ. ಮುಗಿಸಿ ಬಂದ ಅಧಿಕಾರಿ. ಖಾದರ್ ಸಾಬರು ನನ್ನ ಕೈಕೆಳಗಿನವರು, ವಯಸ್ಸಿನಲ್ಲಿ ನನ್ನ ಅಪ್ಪನಷ್ಟು. ಹೊಸಕೋಟೆಯಲ್ಲಿ ಗಡಿಯಾರ ರಿಪೇರಿ ಮಾಡುವವರ ಮಗ. ನಮ್ಮ ಡಬ್ಬದೊಳಗೆ ಉಗುರಗಲದ ಚಿನ್ನದ ರೇಕೊಂದು ನೇತಾಡುತ್ತಿತ್ತು. ವಿಜಯಪುರದ ರೇಷ್ಮೆಯ ಚಿಂದಿಯಿಂದ ಗಾಜಿನ ಕಡ್ಡಿಯೊಂದನ್ನು ಉಜ್ಜಿ ಮುಟ್ಟಿಸಿದರೆ ರೇಕು ಸೆಟೆದು ಮೇಲೇಳುತ್ತಿತ್ತು, ಆಮೇಲೆ ತಾನಾಗಿಯೇ ಮೆಲ್ಲಗೆ ಇಳಿಯುತ್ತಿತ್ತು. ಪುಡಿ ಮಾಡಿದ ಕಲ್ಲನ್ನು ಕೆಳಗಿಟ್ಟಾಗ ಬೇಗ ಇಳಿದರೆ, ಆ ಕಲ್ಲಿನಿಂದ ಕಿರಣ ಬರುತ್ತಿದೆ ಎಂದರ್ಥ.

ಆದರೆ ಖಾಲಿ ಡಬ್ಬದಲ್ಲೂ ರೇಕು ಇಳಿಯುತ್ತದೆ. ಗಾಳಿಯ ತೇವ, ಗೋಡೆಯ ಕಲ್ಲು, ಎಲ್ಲಕ್ಕೂ ಅದರಲ್ಲಿ ಪಾಲುಂಟು. ಆದ್ದರಿಂದ ಸಾಬರು ಪ್ರತಿಯೊಂದು ಕಲ್ಲಿಗೂ ಮೊದಲೊಮ್ಮೆ, ಅಳೆದಾದ ಮೇಲೆ ಇನ್ನೊಮ್ಮೆ ಖಾಲಿ ಡಬ್ಬವನ್ನು ಅಳೆಯುತ್ತಿದ್ದರು. ನಾನು ಗೊಣಗಿದರೆ ಅವರದು ಒಂದೇ ಮಾತು: "ಖಾಲಿ ಎಷ್ಟು ಅಂತ ಗೊತ್ತಿಲ್ದೋನಿಗೆ ತುಂಬಿದ್ದು ಎಷ್ಟು ಅಂತ ಹೆಂಗ್ ಗೊತ್ತಾಗ್ತದೆ ಸ್ವಾಮಿ?" ಸಂತೆಯಲ್ಲಿ ಬೆಣ್ಣೆ ಕೊಳ್ಳುವಾಗಲೂ ಮಾರುವವಳ ಮಡಕೆಯನ್ನು ಮೊದಲು ಬರಿದೇ ತೂಗಿಸುತ್ತಿದ್ದರು. ಚಪ್ಪಡಿ ಕಲ್ಲಿನ ನಡುಮನೆಯಲ್ಲಿ ರೇಕು ಬೇಗ ಇಳಿಯುತ್ತದೆಂದು ತಿಂಗಳುಗಟ್ಟಲೆ ಅಳೆದು ತೋರಿಸಿ, ಡಬ್ಬವನ್ನು ಹಿತ್ತಲಿನ ಮಣ್ಣುಗೋಡೆಯ ಕೊಟ್ಟಿಗೆಗೆ ಸಾಗಿಸಿದವರೂ ಅವರೇ. ದನದ ಕೊಟ್ಟಿಗೆಯಲ್ಲಿ ಕೂತು ವಿಜ್ಞಾನ ಮಾಡಬೇಕಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿದಿತ್ತು.

ಆ ವರ್ಷ ನನ್ನ ಮದುವೆಯಾಯಿತು. ರಜೆ ಮುಗಿಸಿ ಬಂದಾಗ ಸಾಬರು ಹೊಸಕೋಟೆಗೆ ಹೋಗಿದ್ದರು. ತೂಬಗೆರೆ ಕಡೆಯ ಮುನಿಯಮ್ಮ ಎಂಬಾಕೆಯ ಹೊಲದಲ್ಲಿ ಬಾವಿ ತೋಡುವಾಗ ಸಿಕ್ಕ ಕರಿ ಕಲ್ಲೊಂದು ಮೇಜಿನ ಮೇಲಿತ್ತು. ಖಾಲಿ ಡಬ್ಬದ ಲೆಕ್ಕವನ್ನು ಸಾಬರ ಹಳೆಯ ಪುಟದಿಂದ ಎತ್ತಿಕೊಂಡು ನೇರವಾಗಿ ಕಲ್ಲನ್ನೇ ಅಳೆದೆ. ರೇಕು ಅರ್ಧಕ್ಕರ್ಧ ಕಡಿಮೆ ಹೊತ್ತಿನಲ್ಲಿ ಇಳಿದುಬಿಟ್ಟಿತು. ಮೂರು ಸಲ ಅಳೆದರೂ ಹಾಗೆಯೇ. ನಾನು ನೆಲದ ಮೇಲೆ ನಿಲ್ಲಲಿಲ್ಲ. ಮೇಲಿನವರಿಗೆ ತಿಳಿಸಿದೆ; ಬಾವಿಯ ಕೆಲಸ ನಿಲ್ಲಿಸಬೇಕೆಂದು ಅವರು ಹೇಳಿ ಕಳಿಸಿದರು. ಇನ್ನು ಅಧಿಕೃತ ವರದಿಯೂ ಹೋದರೆ ಆ ಹೊಲವೇ ಸರ್ಕಾರದ ಪಾಲಾಗುವುದಿತ್ತು.

ಮುನಿಯಮ್ಮ ನಡೆದುಕೊಂಡೇ ಕಚೇರಿಗೆ ಬಂದಳು. "ಇನ್ನೆರಡಾಳುದ್ದ ತೋಡಿದ್ರೆ ನೀರು ಬತ್ತದೆ ಸಾಮಿ. ಕೆರೆಯಿಂದ ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಯ್ತು. ಆ ಕಲ್ಲಿನಾಗೆ ಅದೇನೈತೆ ಅಂತ ಹೇಳಿ" ಎಂದಳು. ನಾನು ಗಂಭೀರವಾಗಿ ಏನೋ ಹೇಳಿ ಸಾಗಹಾಕಿದೆ. ಆಗಷ್ಟೇ ಊರಿಂದ ಬಂದಿದ್ದ ಸಾಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

ನಮ್ಮಲ್ಲಿ ಪ್ರತಿ ಲೆಕ್ಕಕ್ಕೂ ಇಬ್ಬರ ರುಜು ಬೀಳಬೇಕಿತ್ತು. ಸಾಬರು ಪುಸ್ತಕ ತಿರುವಿ, ಇದಕ್ಕೆ ಖಾಲಿ ಡಬ್ಬ ಅಳೆದಿಲ್ಲ, ರುಜು ಹಾಕುವುದಿಲ್ಲ ಎಂದರು. ಬಡ್ತಿಯ ಕನಸು ಕಾಣುತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ನೀವು ಓದಿರುವುದಾದರೂ ಎಷ್ಟು ಎಂದು ಕೇಳಿಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚುತ್ತೇನೆ.

"ಓದಿದ್ದು ಕಮ್ಮೀನೇ. ಖಾಲಿ ಡಬ್ಬ ನೋಡಿದ್ದು ಜಾಸ್ತಿ" ಎಂದು ಅವರು ಕೊಟ್ಟಿಗೆಗೆ ನಡೆದರು.

ಅವರು ಅಳೆದಾಗ ಕಲ್ಲಿಗೂ ಖಾಲಿ ಡಬ್ಬಕ್ಕೂ ವ್ಯತ್ಯಾಸ ಕೂದಲೆಳೆಯಷ್ಟು. ನಾನು ಅಳೆದಾಗ ಮತ್ತೆ ಅರ್ಧಕ್ಕರ್ಧ. ಅದೇ ಡಬ್ಬ, ಅದೇ ಕಲ್ಲು. ಸಾಬರು ಕಲ್ಲನ್ನು ತೆಗೆದು ಅಂಗಳದಲ್ಲಿಟ್ಟು ಬಂದು, ಖಾಲಿ ಡಬ್ಬದ ಮುಂದೆ ನನ್ನನ್ನು ಕೂರಿಸಿದರು. ರೇಕು ಅಷ್ಟೇ ಬೇಗ ಇಳಿಯಿತು. ಅವರು ಕಿಂಡಿಯ ಪಕ್ಕದಲ್ಲಿದ್ದ ನನ್ನ ಎಡಗೈಯನ್ನು ಮೆಲ್ಲಗೆ ಹಿಡಿದು, ಅಂಗಿಯ ತೋಳನ್ನು ಮೇಲೆ ಸರಿಸಿದರು. ಮಾವ ಮದುವೆಯಲ್ಲಿ ಕೊಟ್ಟ ಕೈಗಡಿಯಾರ! ಕತ್ತಲಲ್ಲೂ ಹೊಳೆಯುವ ಅಂಕಿಗಳೆಂದು ನಾನು ಊರಿಗೆಲ್ಲ ತೋರಿಸಿದ್ದೆ.

"ಅಂಕಿ ಮೇಲೆ ಬಳಿದಿರೋದೇ ರೇಡಿಯಂ ಬಣ್ಣ ಸ್ವಾಮಿ. ಮುನಿಯಮ್ಮನ ಹೊಲದಾಗೇನಿಲ್ಲ" ಎಂದರು. ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಪುಸ್ತಕದಲ್ಲಿ ಬರೆಯುವಾಗ, ಮರಳಿ ಅಳೆಯಲಾಯಿತು ಎಂದಷ್ಟೇ ಬರೆದರೆ ಸಾಲದೇ ಎಂದು ಬೇಡಿಕೊಂಡೆ. ಸಾಬರು ಒಪ್ಪಲಿಲ್ಲ. "ಗಡಿಯಾರ ಅಂತ್ಲೇ ಬರೀರಿ. ಮುಂದೆ ಬರೋರೂ ಗಡಿಯಾರ ಕಟ್ಕೊಂಡೇ ಬರ್ತಾರೆ." ತಪ್ಪು ಲೆಕ್ಕವನ್ನು ಅಳಿಸಲೂ ಬಿಡದೆ, ಓದುವಂತೆ ಒಂದೇ ಒಂದು ಗೆರೆ ಎಳೆಸಿದರು. ನಾನು ಬರೆದು ಮುಗಿಸಿದ ಮೇಲೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ, "ಒಬ್ಬರನ್ನೇ ಅಳೆಯಲು ಬಿಟ್ಟು ಊರಿಗೆ ಹೋದದ್ದು ನನ್ನ ತಪ್ಪು" ಎಂದು ಸೇರಿಸಿ ರುಜು ಹಾಕಿದರು. ಆ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ಮಾರನೆಯ ದಿನ ನಾನೇ ತೂಬಗೆರೆಗೆ ಹೋಗಿ, ಬಾವಿ ತೋಡಬಹುದೆಂದು ಮುನಿಯಮ್ಮನಿಗೆ ಹೇಳಿ ಬಂದೆ.

ನಮ್ಮ ಕಚೇರಿ ಎರಡು ವರ್ಷಕ್ಕೇ ಮುಚ್ಚಿತು. ನಾನು ಇನ್ನೊಂದು ಪ್ರಯೋಗಶಾಲೆ ಸೇರಿದೆ. ಸಾಬರು ಹೊಸಕೋಟೆಗೆ ಹಿಂತಿರುಗಿದರು. ಕೊನೆಯ ಸಲ ಅವರನ್ನು ನೋಡಲು ಹೋದಾಗ ಮುನಿಯಮ್ಮನ ಬಾವಿಯ ನೀರನ್ನು ಮುಚ್ಚಳದ ತಂಬಿಗೆಯಲ್ಲಿ ಒಯ್ದಿದ್ದೆ. ಎರಡು ಕಣ್ಣಿಗೂ ಪೊರೆ ಬಂದು ಅವರಿಗೆ ಎದುರಿನವರ ಮುಖವೂ ಕಾಣುತ್ತಿರಲಿಲ್ಲ. ತಂಬಿಗೆ ಮೊದಲು ತೊಳೆದಿದ್ದಿರಾ ಎಂದು ಕೇಳಿಕೊಂಡೇ ನೀರು ಕುಡಿದರು. ಸಿಹಿಯಾಗಿದೆ ಎಂದರು.

ಹೊರಟು ನಿಂತಾಗ ನನ್ನ ಎಡಗೈ ಹಿಡಿದುಕೊಂಡು ಮಣಿಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ಗಡಿಯಾರವಿರಲಿಲ್ಲ. ಅವರ ಮನೆಯ ಮೆಟ್ಟಿಲು ಹತ್ತುವಾಗಲೇ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ.

ಸಾಬರು ನನ್ನ ಜೇಬಿನ ಟಿಕ್ ಟಿಕ್ ಸದ್ದಿಗೆ ಕಿವಿಯೊಡ್ಡಿ, "ಜೇಬ್ನಾಗಿದ್ರೂ ಲೆಕ್ಕಕ್ಕೆ ಬರ್ತದೆ ಸ್ವಾಮಿ" ಎಂದರು. ಮೊದಲ ಸಲ ಆ ವಿಷಯಕ್ಕೆ ಇಬ್ಬರೂ ನಕ್ಕೆವು.

ಮುಂದಿನ ಬೇಸಿಗೆಗೆ ಅವರಿರಲಿಲ್ಲ. ಇಂದಿಗೂ ನಾನು ಏನನ್ನಾದರೂ ಅಳೆಯುವ ಮೊದಲು ಗಡಿಯಾರವನ್ನು ಹೊರಗಿನ ಕೋಣೆಯಲ್ಲಿ ಬಿಚ್ಚಿಟ್ಟು ಬಂದು, ಮುಕ್ಕಾಲು ಗಂಟೆ ಖಾಲಿ ಡಬ್ಬದ ಮುಂದೆ ಕೂರುತ್ತೇನೆ.