ಒಂದೇ ಊರಿನ ಫಾರಂ

ಹಳ್ಳಿಮೈಸೂರು ಹೋಬಳಿಯ ಶಾಲೆಗಳಲ್ಲಿ ಕನ್ನಡ ಕಲಿಸಿ ರಿಟೈರಾದ ಮೇಲೆ ನನಗೆ ತಿದ್ದಲು ಏನೂ ಸಿಗುತ್ತಿರಲಿಲ್ಲ. ಹೊಳೆನರಸೀಪುರದ ಮನೆಯಲ್ಲಿ ಕೂತು ಮದುವೆ ಕಾಗದದ ಒತ್ತಕ್ಷರ, ಅಂಗಡಿ ಬೋರ್ಡಿನ ಕಾಗುಣಿತ ನೋಡಿ ಹಲ್ಲು ಕಡಿಯುತ್ತಿದ್ದೆ. ಆಗ ನನ್ನ ಅಣ್ಣನ ಮಗಳು ಬಂದಳು. ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಅವಳು ತನ್ನ ವಿದ್ಯಾರ್ಥಿಗಳ ಜೊತೆ ಸೇರಿ, ಹಳ್ಳಿಯ ಬಸುರಿಯರಿಗೆ ಆಸ್ಪತ್ರೆಗೆ ಹೋಗಲು ಗಾಡಿ ಹುಡುಕಿಕೊಡುವ ಆ್ಯಪ್ ಮಾಡಿದ್ದಳು. ಅದನ್ನು ಫೋನಿಗೆ ಇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ, ಲಿಂಕ್ ಒತ್ತಿದರೆ ಸಾಕು, ತೆರೆದುಕೊಳ್ಳುತ್ತಿತ್ತು. "ಕನ್ನಡ ಒಂದ್ಸಲ ನೋಡಿಕೊಡಿ ಅತ್ತೆ" ಅಂದಳು.

ಕೆಲಸ ಸರಳವಾಗಿತ್ತು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಕಾರು, ವ್ಯಾನು, ಆಟೋ ಇಟ್ಟುಕೊಂಡು ಬರುತ್ತೇವೆಂದು ಒಪ್ಪಿದವರ ಪಟ್ಟಿ ಅದರಲ್ಲಿತ್ತು. ಆಶಾ ಕಾರ್ಯಕರ್ತೆ ಬಸುರಿಯ ತಾಯಿ ಕಾರ್ಡ್ ನೋಡಿ ಫಾರಂ ತುಂಬುತ್ತಾಳೆ. ಆಂಬುಲೆನ್ಸ್ ಬೇರೆ ಕಡೆ ಹೋಗಿದ್ದರೆ ಮನೆಯವರು 'ಗಾಡಿ ಬೇಕು' ಅನ್ನುವುದನ್ನು ಒತ್ತುತ್ತಾರೆ. ಬಸುರಿಯ ಊರಿಗೆ ಹತ್ತಿರ ಇರುವ ಡ್ರೈವರಿಗೆ ಸುದ್ದಿ ಹೋಗುತ್ತದೆ. ಒತ್ತುವ ಫೋನು ಗಂಡನ ಜೊತೆ ಯಾವ ಊರಿನಲ್ಲಿರುತ್ತದೋ ಗೊತ್ತಿಲ್ಲದ ಕಾರಣ, ಫಾರಂನಲ್ಲಿ ಬರೆದ ಊರನ್ನೇ ನಂಬಿದ್ದೆವು.

ಆ ಫಾರಂನಲ್ಲಿ ಹುಡುಗರು 'ಶಾಶ್ವತ ವಿಳಾಸ' ಎಂದೊಂದು, 'ಪ್ರಸ್ತುತ ವಾಸಸ್ಥಳದ ವಿಳಾಸ' ಎಂದೊಂದು ಕಾಲಂ ಹಾಕಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಪಹಣಿ ಅರ್ಜಿಯೇನೇ ಇದು? ಹಳ್ಳಿ ಹೆಂಗಸಿಗೆ ಎಷ್ಟು ವಿಳಾಸ ಇರುತ್ತೆ?" ಎಂದು ಎರಡನ್ನೂ ಹೊಡೆದುಹಾಕಿ 'ಊರು' ಅಂತ ಒಂದೇ ಪದ ಬರೆದೆ. "ಇರಲಿ ಬಿಡಿ ಅತ್ತೆ, ಯಾವುದಕ್ಕಾದರೂ ಬೇಕಾಗುತ್ತೆ" ಅಂದಳು. "ಸರ್ಕಾರಿ ಕನ್ನಡ ಬರೆದು ಹೆಂಗಸರನ್ನ ಹೆದರಿಸಬೇಡ" ಅಂತ ಅವಳ ಬಾಯಿ ಮುಚ್ಚಿಸಿದೆ. ಎರಡಕ್ಷರದಲ್ಲಿ ಕೆಲಸ ಮುಗಿಸಿದೆನಲ್ಲ ಎಂದು ನಾಲ್ಕು ದಿನ ಬೀಗಿದ್ದೂ ಉಂಟು.

ಕೆಲವು ತಿಂಗಳು ಎಲ್ಲ ಸಲೀಸಾಗಿ ನಡೆಯಿತು. ಬೆಳಗಿನ ಹೊತ್ತು ಡ್ರೈವರುಗಳ ಫೋನು ತೆಗೆದುಕೊಳ್ಳುವ ಕೆಲಸ ನನಗೇ ಬಿತ್ತು. ದಾರಿ ಕೇಳುವವರು, ಪೆಟ್ರೋಲು ಹಾಕಿಸಿಕೊಂಡು ಹೋಗಲೇ ಎನ್ನುವವರು, ಎಲ್ಲರೂ ನನ್ನ ಕೈಲಿ ಬೈಸಿಕೊಂಡೇ ಹೋಗುತ್ತಿದ್ದರು.

ಒಂದು ದಿನ ಹತ್ತು ಗಂಟೆಯ ಸುಮಾರಿಗೆ ಅರಕಲಗೂಡು ಕಡೆಯ ವ್ಯಾನಿನವನು ಫೋನ್ ಮಾಡಿದ.

"ಮೇಡಮ್ಮೋರೆ, ಇಲ್ಲಿ ಬಸ್ರಿ ಎಂಗ್ಸೇ ಇಲ್ವಲ್ಲ! ಅವ್ರತ್ತೆ ಒಬ್ರೇ ಅವ್ರೆ. ದನಗಳ್ಗೆ ಉಲ್ಲಾಕ್ತಾವ್ರೆ."

"ಸರಿಯಾಗಿ ಕೇಳಪ್ಪ. ಒಳಗೆ ಮಲಗಿರಬಹುದು" ಅಂದೆ.

ಫೋನು ಅತ್ತೆಯ ಕೈಗೆ ಹೋಯಿತು. "ಅವಳೆಲ್ಲವ್ಳೆ ಇಲ್ಲಿ! ಸೀಮಂತ ಮುಗುಸ್ಕಂಡು ತೌರ್ಗೆ ಓಗಿ ಎಲ್ಡ್ ತಿಂಗ್ಳಾಯ್ತು ಕಣವ್ವ. ಚೊಚ್ಚಲು ಅಲ್ವಾ? ನಮ್ಮನೇಲಿ ಯಾಕಿರ್ತಾಳೆ?"

ಚೊಚ್ಚಲ ಹೆರಿಗೆ ತವರಿನಲ್ಲಿ ಅನ್ನುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕಿತ್ತೆ? ನಾನೇ ಏಳು ತಿಂಗಳಿಗೆ ಹಸಿರು ಬಳೆ ತೊಟ್ಟುಕೊಂಡು ಗೊರೂರಿಗೆ, ಅಪ್ಪನ ನೀರಾವರಿ ಇಲಾಖೆಯ ಕ್ವಾರ್ಟರ್ಸಿಗೆ ಹೋಗಿದ್ದವಳು. ತಾಯಿ ಕಾರ್ಡ್ ಮಾಡಿಸುವುದು ಗಂಡನ ಊರಿನಲ್ಲಿ, ನೋವು ಬರುವುದು ತವರಿನಲ್ಲಿ. ಹೆಂಗಸಿಗೆ ಎರಡು ಊರು ಇರುವ ಆ ಎರಡು ಮೂರು ತಿಂಗಳಿಗಾಗಿಯೇ ನಾವು ಈ ಆ್ಯಪ್ ಮಾಡಿದ್ದು. ಎರಡನೆಯ ಊರನ್ನು ಹೊಡೆದುಹಾಕಿದ ಕೆಂಪು ಪೆನ್ನು ನನ್ನದು.

ಆ ಹುಡುಗಿಯ ಗಂಡನಿಗೆ ಫೋನ್ ಮಾಡಿದೆ. ಅವನು ಹಾಸನದಲ್ಲಿ ಕೆಲಸಕ್ಕಿದ್ದವನು. ಹೆಂಡತಿಗೆ ನೋವು ಬಂತು ಎಂದು ತವರಿನಿಂದ ತಿಳಿಸಿದ ಕೂಡಲೇ ಆ್ಯಪ್ ಒತ್ತಿ, 'ಗಾಡಿ ಹೊರಟಿದೆ' ಅನ್ನುವುದನ್ನು ನೋಡಿ, ನೆಮ್ಮದಿಯಾಗಿ ಚನ್ನರಾಯಪಟ್ಟಣದ ಬಸ್ಸು ಹತ್ತಿದ್ದ. "ಗಾಡಿ ಬತ್ತಾದೆ, ನೀವು ಬೇರೆ ಯಾವ್ದೂ ನೋಡ್ಬ್ಯಾಡಿ ಅಂತ ಅವ್ರಿಗೆ ಹೇಳ್ಬುಟ್ಟೆ ಮೇಡಂ" ಅಂದ. ತವರು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ವ್ಯಾನು ನಿಂತಿದ್ದ ಜಾಗದಿಂದ ಒಂದೂವರೆ ಗಂಟೆಗೆ ಕಡಿಮೆಯಿಲ್ಲದ ದಾರಿ.

ಅವನಿಂದ ನಂಬರು ತೆಗೆದುಕೊಂಡು ತವರಿನ ಮನೆಗೆ ಫೋನ್ ಮಾಡಿದೆ. ಅವಳ ತಾಯಿ ಎತ್ತಿದರು. "ಗಾಡಿ ಎಲ್ಲಿಗ್ ಬಂತವ್ವಾ? ನೋವು ಜಾಸ್ತಿ ಆಯ್ತಾ ಅದೆ. ಬಾಗ್ಲಲ್ಲೇ ಕುಂತೀವಿ." ಹಿಂದೆ ಆ ಹುಡುಗಿ ಹಲ್ಲು ಕಚ್ಚಿಕೊಂಡು ನರಳುವುದು ಕೇಳಿಸಿತು. ಗಾಡಿ ಬೇರೆ ಊರಿಗೆ ಹೋಗಿದೆ ಎನ್ನಬೇಕಿತ್ತು. "ಬರ್ತಿದೆ" ಅಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ನಾನು.

ಆ ಕಡೆಯ ಡ್ರೈವರುಗಳನ್ನು ಹುಡುಕಿದೆ. ಮೊದಲನೆಯವನು ಫೋನ್ ಎತ್ತಲಿಲ್ಲ. ಎರಡನೆಯವನು ವ್ಯಾನಿಗೆ ತೆಂಗಿನಕಾಯಿ ತುಂಬಿಕೊಂಡು ಚನ್ನರಾಯಪಟ್ಟಣದ ಮಾರ್ಕೆಟ್ಟಿಗೆ ಬಂದಿದ್ದ. ಹೋಗಬೇಕಾದ ಊರು ಹೇಳಿದೆ.

"ಇನ್ನೂ ಏಳೆಂಟು ಮೂಟೆ ಇಳಿಸ್ಬೇಕು ಮೇಡಂ" ಅಂದ. ನಾನು ಬೈಯಲು ಬಾಯಿ ತೆಗೆದೆ, ಆದರೆ ಬಂದದ್ದು ಅಳು. "ತಪ್ಪು ನನ್ನದಪ್ಪಾ. ಊರು ತಪ್ಪು ಬರೆದಿದ್ದೀವಿ. ಮನೆಯವರು ಬಾಗಿಲಲ್ಲೇ ಕಾಯ್ತಿದ್ದಾರೆ" ಅಂದೆ.

ಅವನು ಯಾರಿಗೋ ಕೂಗುವುದು ಕೇಳಿಸಿತು. "ಲೇ, ಮೂಟೆ ಎಲ್ಲಾ ಇಲ್ಲೇ ಉಳ್ಳುಸ್ಲಾ! ನೋಡ್ಕತಿರು, ನಾನು ಬತ್ತೀನಿ." ನನಗೆ, "ಆ ಊರು ಗೊತ್ತು ಕಣಮ್ಮ. ಇಪ್ಪತ್ ನಿಮ್ಷ ಕೊಡಿ" ಅಂದ.

ಆ ಇಪ್ಪತ್ತು ನಿಮಿಷ ನಾನು ಒಲೆಯ ಮೇಲೆ ಇಟ್ಟ ಅನ್ನವನ್ನೂ ಮರೆತೆ. ಅದು ಸೀದು ಮನೆಯೆಲ್ಲ ಹೊಗೆ. ಒಂದು ಮಗು, ಒಬ್ಬ ತಾಯಿ, ಇಬ್ಬರ ಜೀವವೂ ನನ್ನ ಜಂಭಕ್ಕೆ ಸಿಕ್ಕಿಕೊಂಡಿದೆ ಎಂದು ಫೋನನ್ನೇ ನೋಡುತ್ತ ಕೂತೆ. ಹುಡುಗಿ ಗಾಡಿ ಹತ್ತಿದಳು ಅಂತ ಒಂದು ಫೋನು. ಆಸ್ಪತ್ರೆ ತಲುಪಿದೆವು ಅಂತ ಇನ್ನೊಂದು. ಮಧ್ಯಾಹ್ನ ಒಂದು ಗಂಟೆಗೆ ಅವಳ ಗಂಡ ಮಾತಾಡಿದ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಅಷ್ಟು ಕೇಳಿದ ಮೇಲೆ ಎದ್ದು ಸೀದ ಪಾತ್ರೆಗೆ ನೀರು ಹಾಕಿದೆ.

ಅತ್ತ, ವಾಪಸ್ ಹೊರಡು ಎಂದು ಹೇಳುವುದನ್ನೇ ನಾನು ಮರೆತಿದ್ದ ಅರಕಲಗೂಡಿನ ವ್ಯಾನಿನವನದು ಇನ್ನೊಂದು ಗೋಳು. "ಈವಮ್ಮ ಇಳೀತಾನೇ ಇಲ್ಲ ಮೇಡಮ್ಮೋರೆ! ಮನೆ ಬಾಗ್ಲಿಗೆ ಬಂದ ಗಾಡೀನ ಸುಮ್ನೆ ಕಳ್ಸಕ್ಕಾಯ್ತದಾ ಅಂತ ಸೀರೆ ಬದಲಾಯಿಸ್ಕಂಡು ಅತ್ತಿ ಕುಂತವ್ರೆ. ಮಗ ಫೋನ್ ಮಾಡಿದ್ನಂತೆ, ಮೊಮ್ಮಗೀನ ನೋಡ್ಬೇಕಂತೆ." ಕರೆದುಕೊಂಡು ಹೋಗು ಅಂದೆ. ಬೆಳಗಿನಿಂದ ಮೊದಲ ಸಲ ನಕ್ಕೆ.

ಸಂಜೆ ಅಣ್ಣನ ಮಗಳಿಗೆ ಎಲ್ಲ ಹೇಳಿದೆ. ನಾನು ಹೇಳಿರಲಿಲ್ಲವೇ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. "ಏನಂತ ಬರೆಯೋಣ ಹೇಳಿ ಅತ್ತೆ" ಅಂದಳು. ಇಬ್ಬರೂ ಕೂತು ಮೂರು ಸಾಲು ಮಾಡಿದೆವು: ಗಂಡನ ಮನೆ ಯಾವ ಊರು, ತವರು ಯಾವ ಊರು, ಈಗ ಯಾವ ಮನೆಯಲ್ಲಿದ್ದೀರಿ. ಮೂರನೆಯದನ್ನು ಏಳನೇ ತಿಂಗಳಿಂದ ವಾರಕ್ಕೊಮ್ಮೆ ಮತ್ತೆ ಕೇಳಬೇಕು ಎಂದಳು. ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೋದೆ. ಬಾಣಂತಿ ಸಣ್ಣ ಮೈಕಟ್ಟಿನ ಹುಡುಗಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಳು. ಅವಳ ಅತ್ತೆ, ತಾಯಿ ಇಬ್ಬರೂ ಮಗುವಿನ ಮೂಗು ಯಾರ ಕಡೆಯದು ಎಂದು ವಾದಕ್ಕೆ ಬಿದ್ದಿದ್ದರು. ನಾನು ಹುಡುಗಿಯ ಹತ್ತಿರ ಹೋಗಿ, ನಿನ್ನೆ ಗಾಡಿ ಊರು ತಪ್ಪಿದ್ದು ನನ್ನಿಂದ, ತಪ್ಪಾಯಿತಮ್ಮ ಅಂದೆ.

ಅವಳಿಗೆ ಕೋಪ ಇರಲಿಲ್ಲ. "ಆ ಫಾರಂನ ನಾನು ನೋಡೇ ಇಲ್ಲ ಮೇಡಂ. ಕಾರ್ಡ್ ನೋಡಿ ಆಶಾದವ್ರು ತುಂಬುದ್ರು, ನಂಬರ್ರು ನಮ್ಮೋರ್ದು ಕೊಟ್ರು. ನನ್ನ ಯಾರೂ ಏನೂ ಕೇಳ್ಲಿಲ್ಲ."

ಮೂರು ಸಾಲು ಮಾಡಿದ ಮೇಲೂ ಇದು ನಮ್ಮ ತಲೆಗೆ ಬಂದಿರಲಿಲ್ಲ.

"ಈಗ ಕೇಳ್ತೀನಿ, ಹೇಳು" ಎಂದು ಅಲ್ಲೇ ಕೂತು ಫೋನ್ ತೆಗೆದೆ. ಮಗುವಿನ ಚುಚ್ಚುಮದ್ದಿಗೆ ಗಾಡಿ ಬೇಕಾದೀತು, ಹೊಸ ಫಾರಂ ತುಂಬೋಣ ಅಂದೆ. ಗಂಡನ ಊರು ಹೇಳಿದಳು, ತವರೂರು ಹೇಳಿದಳು, ಮೂರು ತಿಂಗಳು ತವರಿನಲ್ಲೇ ಇರುತ್ತೇನೆ ಅಂದಳು. ಫೋನ್ ನಂಬರಿನ ಸಾಲು ಬಂದಾಗ ಅಭ್ಯಾಸಬಲದಿಂದ ನಾನೇ ಗಂಡನ ನಂಬರು ಒತ್ತತೊಡಗಿದೆ.

"ಅದು ಬ್ಯಾಡ ಮೇಡಂ" ಅಂದಳು. ದಿಂಬಿನ ಕೆಳಗೆ ಕೈ ಹಾಕಿ ಒಂದು ಸಣ್ಣ ಫೋನು ತೆಗೆದಳು. "ನನ್ತಾವೂ ಫೋನೈತೆ. ಬರ್ಕಳಿ."

ಹತ್ತು ಅಂಕಿಯನ್ನೂ ಅವಳೇ ಒಂದೊಂದಾಗಿ ಹೇಳಿದಳು. ನಾನು ಬರೆದುಕೊಂಡೆ.