ಬಟ್ಟೆಯ ಮೇಲಿನ ಅಮ್ಮ

ನಮ್ಮ ಕಡೆ ದರ್ಜಿಗೊಂದು ನಿಯಮವಿದೆ. ಹೆಂಗಸರು ಸುತ್ತಿ ಉಡುವ, ಹೊಲಿಸಿಯೂ ತೊಡುವ ಚಿತೆಂಜೆ ಬಟ್ಟೆಯನ್ನು ಪಕ್ಷದವರು ಹಂಚುತ್ತಾರೆ, ಅದರಲ್ಲಿ ದೇಶದ ಅಧ್ಯಕ್ಷರ ಮುಖ ಅಚ್ಚಾಗಿರುತ್ತದೆ. ಆ ಮುಖ ಎದೆಗೋ ಬೆನ್ನಿಗೋ ಬರಬೇಕು, ಕುಂಡಿಯ ಕೆಳಗೆ ಬರಬಾರದು. ಮೂವತ್ತು ವರ್ಷ ಜಗಲಿಯ ಮೇಲೆ ಮಿಷನ್ ತುಳಿದ ನಾನು ಒಮ್ಮೆಯೂ ತಪ್ಪಿದವನಲ್ಲ.

ಅಧ್ಯಕ್ಷರ ಸಭೆಗಳಲ್ಲಿ ಈ ಬಟ್ಟೆ ಉಟ್ಟು ಕುಣಿಯುವ ಹೆಂಗಸರಿಗೆ ಪಕ್ಕದ ಮನೆಯ ಮಲೀಟಾಳೇ ಮುಂದಾಳು. ದನಿ ಎಂದರೆ ದನಿ ಅವಳದು. ಮೊದಮೊದಲು ಬಟ್ಟೆಯಲ್ಲಿ ಅಧ್ಯಕ್ಷರೊಬ್ಬರದೇ ಮುಖ. ಅವರ ಹೆಂಡತಿ ವೇದಿಕೆಯಲ್ಲಿ ಕೈಚೀಲ ಹಿಡಿದು ಕೂತಿರುತ್ತಿದ್ದಳು, ಅಷ್ಟೆ. ಆಮೇಲೆ ಅವರ ಭುಜದ ಪಕ್ಕ ಅವಳ ಪುಟ್ಟ ಮುಖವೂ ಬಂತು. ಅವಳಿಗೇ ಒಂದು ಕಚೇರಿ, ಕಾರುಗಳು ಆದವು. ಆ ವರ್ಷ ಅವಳು ನಮ್ಮೂರಿಗೆ ಬಂದಾಗ ಮಲೀಟಾ ಕುಣಿತ ನಿಲ್ಲಿಸಿ, ಮಂಡಿಯೂರಿ ಕೇಳಿದಳು.

“ಅಮ್ಮಾ, ಹೆರಿಗೆಗೆ ನಾವು ಇಪ್ಪತ್ತು ಮೈಲಿ ಹೋಗ್ಬೇಕು. ನನ್ನ ಎರಡು ಕೂಸು ದಾರೀಲೇ ಹೋದ್ವು. ಇಲ್ಲೊಂದು ಹೆರಿಗೆ ಮನೆ ಕಟ್ಟಿಸ್ಕೊಡಿ.”

“ನಾನು ಬರೀ ಹೆಂಡ್ತಿ ಕಣಮ್ಮ. ಯಜಮಾನ್ರಿಗೆ ಹೇಳ್ತೀನಿ,” ಎಂದು ಅಡಿಗಲ್ಲೊಂದನ್ನು ನೆಟ್ಟು ಹೋದಳು. ಆಡುಗಳು ಅದಕ್ಕೆ ಮೈ ಉಜ್ಜಿಕೊಂಡವು.

ಯಜಮಾನರು ಸತ್ತರು. ಚುನಾವಣೆಗೆ ಅವಳೇ ನಿಂತು ಗೆದ್ದಳು. ಹೊಸ ಬಟ್ಟೆಯಲ್ಲಿ ಅವಳೊಬ್ಬಳದೇ ಮುಖ, ಊಟದ ತಟ್ಟೆಯಷ್ಟಗಲ.

“ಇನ್ಯಾರನ್ನ ಕೇಳ್ಬೇಕು ಹೇಳು ತಮ್ಮಾ! ಎಲ್ಲಾ ಅವಳ ಕೈಯಲ್ಲೇ ಇದೆ,” ಎಂದು ಮಲೀಟಾ ನನ್ನ ಜಗಲಿಯಲ್ಲೇ ಒಂದು ಸುತ್ತು ಕುಣಿದಳು. ಅವಳ ಮಗಳು ಟಿಯಾಮಿಕೆ ಆಗ ತುಂಬು ಬಸುರಿ.

“ಇನ್ನೊಂದು ಕಲ್ಲು ನೆಡ್ತಾಳೆ ಬಿಡಕ್ಕಾ,” ಎಂದೆ.

“ನಿನ್ನ ಬಾಯಿಗೆ ಮಣ್ಣು ಹಾಕ! ಹೆಣ್ಣಿನ ಕಷ್ಟ ಹೆಣ್ಣಿಗೆ ಗೊತ್ತಾಗಲ್ವೇನೋ?”

ಅಧ್ಯಕ್ಷೆ ಜಿಲ್ಲಾ ಕೇಂದ್ರಕ್ಕೆ ಬರುವ ದಿನ ಪಕ್ಷದ ಮಹಿಳಾ ನಾಯಕಿ ಫೆಲೀಸಿಯಾ ಲಾರಿ ತಂದಳು. ಕುಣಿಯಲು ಯಾರೂ ಬಾರದ ಮನೆಗೆ ಸರ್ಕಾರದ ಅಗ್ಗದ ಗೊಬ್ಬರದ ಚೀಟಿ ಇಲ್ಲ ಎಂದು ಸಾರಿದಳು. ಹೆರಿಗೆಗೆ ಇನ್ನೂ ಹತ್ತು ದಿನ ಇದೆ ಎಂದುಕೊಂಡು ಮಲೀಟಾ ಹೊಸ ಬಟ್ಟೆ ಉಟ್ಟು ಲಾರಿ ಹತ್ತಿದಳು. ಹೆರಿಗೆ ಮನೆಯ ಮಾತನ್ನು ಅವಳು ಅಧ್ಯಕ್ಷೆಗೆ ನೆನಪಿಸಬೇಕಿತ್ತು.

ಮಧ್ಯಾಹ್ನ ಟಿಯಾಮಿಕೆಗೆ ನೋವು ಬಂತು. ಆಸ್ಪತ್ರೆಗೆ ಫೋನ್ ಮಾಡಿದರೆ, ಆಂಬುಲೆನ್ಸ್ ಅಧ್ಯಕ್ಷೆಯ ಕಾರುಗಳ ಸಾಲಿನಲ್ಲಿ ಹೋಗಿದೆ ಎಂದರು. ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ, ನಾನೂ ನನ್ನ ಹೆಂಡತಿಯೂ ತಳ್ಳಿಕೊಂಡು ಹೊರಟೆವು. ಒಂಬತ್ತು ಮೈಲಿ ಕಳೆದ ಮೇಲೆ ಒಂದು ಮಾವಿನ ಮರದ ಕೆಳಗೆ ಹೆಣ್ಣುಮಗು ಹುಟ್ಟಿತು. ತಾಯಿಯ ರಕ್ತ ನಿಲ್ಲಲೇ ಇಲ್ಲ. ಬಟ್ಟೆ ಹೊಲಿಯುವುದು ಬಿಟ್ಟರೆ ನನಗೇನು ಬರುತ್ತದೆ? ನೋಡುತ್ತ ನಿಂತೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಸಂಜೆ ಬಂದ ಮಲೀಟಾಳಿಗೆ ಅಳಲೂ ಗಂಟಲಿರಲಿಲ್ಲ, ಹಾಡಿ ಹಾಡಿ ಕಟ್ಟಿಹೋಗಿತ್ತು.

“ಅಧ್ಯಕ್ಷೆ ಹತ್ತಿರಾನೂ ಬಿಡ್ಲಿಲ್ಲ ತಮ್ಮಾ,” ಎಂದಳು.

ಮನೆಯಲ್ಲಿ ಹರಿಯದ ಬಟ್ಟೆ ಅಂತಿದ್ದದ್ದು ಅವಳು ಉಟ್ಟಿದ್ದೊಂದೇ. ಅದನ್ನೇ ಬಿಚ್ಚಿ ಹೆಣಕ್ಕೆ ಸುತ್ತಲು ಕೊಟ್ಟಳು. “ಆ ಮುಖ ಅಡಿಗೆ ಹಾಕಿ. ಅವಳ ಮೇಲೆ ನನ್ನ ಮಗಳು ಮಲಗ್ಲಿ.”

ಹೆಂಗಸರು ಹಾಗೆಯೇ ಸುತ್ತಿದರು. ನನ್ನ ನಿಯಮ ಮುರಿದದ್ದಕ್ಕೆ ನನಗೆ ಒಳಗೊಳಗೇ ಹಿತವಾಯಿತು.

ಬೆಳಿಗ್ಗೆ ಗುಂಡಿಯ ಬಳಿ ಬಂದ ಫೆಲೀಸಿಯಾ ಬಗ್ಗಿ ನೋಡಿದಳು. “ಮುಖ ಎಲ್ಲಿ? ಅಮ್ಮನೋರ ಮೇಲೆ ಹೆಣ ಮಲಗಿಸಿದೀರಾ? ಮಲೀಟಾ, ಈ ಮನೆಗೆ ಚೀಟಿ ಬೇಡ್ವಾ?”

ನನ್ನ ಹೆಂಡತಿಯ ಮಡಿಲಲ್ಲಿದ್ದ ಕೂಸು, ಗಂಜಿ ನೀರಿನಲ್ಲಿ ಅದ್ದಿದ ಬೆರಳನ್ನು ಚೀಪುತ್ತಿತ್ತು. ಮಲೀಟಾ ಅದನ್ನೇ ನೋಡುತ್ತ ನಿಂತಳು.

“ತಿರುಗಿಸಿ ಸುತ್ರಮ್ಮಾ,” ಎಂದಳು.

ತಿರುಗಿಸಿ ಸುತ್ತಿದರು. ಮಣ್ಣು ಮುಚ್ಚುವ ತನಕ ಅಧ್ಯಕ್ಷೆ ನಮ್ಮೆಲ್ಲರನ್ನೂ ನೋಡಿ ನಗುತ್ತಿದ್ದಳು.